ಬುಡಕಟ್ಟು ಜನರ ಜಂತುಹುಳು ಬಾಧೆ: ಮಾತ್ರೆಯೊಂದೇ ಮದ್ದಲ್ಲ

ದಾವಣಗೆರೆ ನಗರದ ನಲ್ಲಿಗಳಿಗೆ ಬರುವ ನೀರಿನ ಒಂದು ಪಾಲು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರಾ ನದಿಯಿಂದ ಮೇಲೇರುತ್ತದೆ. ಅದೇ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವಿದೆ. ಹಲವು ವರ್ಷಗಳಿಂದ ಫೆಬ್ರುವರಿ 8 ಮತ್ತು 9ರಂದು ಅಲ್ಲಿ ನಡೆದಿರುವ ವಾಲ್ಮೀಕಿ ಜಾತ್ರೆಗೆ ರಾಜ್ಯದ ಮೂಲೆ ಮೂಲೆಗಳಿಂದ ನಾಯಕ ಸಮುದಾಯದ ಜನ ಬಂದು ಸೇರುತ್ತಾರೆ. ಅದರ ಮರುದಿನ, ಫೆಬ್ರುವರಿ 10, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಅಂದು ಅಂಗನವಾಡಿ ಹಾಗೂ ಶಾಲೆಗಳಲ್ಲಿ ಮಕ್ಕಳಿಗೆ ಒಂದೊಂದು ಮಾತ್ರೆ ಅಗಿಯಲು ಕೊಡಲಾಗುತ್ತದೆ.

ಈ ಎರಡು ದಿನಾಂಕಗಳು ಒಂದರ ಬೆನ್ನಿಗೆ ಒಂದು ಬಂದಿರುವುದು ಆಕಸ್ಮಿಕ. ಆದರೆ ಅವುಗಳ ನಡುವಿನ ನಂಟು ಆಕಸ್ಮಿಕವಲ್ಲ. ಕರುಳಿನ ಹುಳುಗಳ ಬಾಧೆ ಜಗತ್ತಿನ ಎಲ್ಲೆಡೆ ಬಡವರನ್ನು, ಅವರಲ್ಲೂ ಮೂಲನಿವಾಸಿ ಹಾಗೂ ಬುಡಕಟ್ಟು ಜನರನ್ನು ಹೆಚ್ಚಾಗಿ ಕಾಡುತ್ತ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಣ್ಣಿನಿಂದ ಹರಡುವ ಜಂತುಹುಳುಗಳು ಸುಮಾರು 150 ಕೋಟಿ ಜನರ ದೇಹದಲ್ಲಿವೆ. ಭಾರತದಲ್ಲಿ 1ರಿಂದ 14 ವರ್ಷದೊಳಗಿನ ಸುಮಾರು 24 ಕೋಟಿ ಮಕ್ಕಳು ಈ ಅಪಾಯದ ನೆರಳಿನಲ್ಲಿದ್ದಾರೆ ಎಂದು ಅದೇ ಸಂಸ್ಥೆ ಅಂದಾಜಿಸಿತ್ತು. ಈ ಬಾಧೆ ಎಲ್ಲಿಂದ ಬರುತ್ತದೆ, ಮಾತ್ರೆ ಎಷ್ಟರಮಟ್ಟಿಗೆ ಪರಿಹಾರ, ಅದು ಯಾರನ್ನು ತಲುಪುವುದಿಲ್ಲ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಪಟ್ಟಿ ಬೇರೆ, ಮಣ್ಣು ಒಂದೇ

ಬುಡಕಟ್ಟು ಎಂದೊಡನೆ ನಗರವಾಸಿಗಳ ಕಣ್ಣಮುಂದೆ ಕಾಡು ಸುಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಡಗು ಹಾಗೂ ಮೈಸೂರಿನ ಕಾಡಂಚಿನ ಜೇನುಕುರುಬರು, ಕರಾವಳಿಯ ಕೊರಗರು ನೆನಪಾಗುತ್ತಾರೆ. ಇವರಲ್ಲಿ ಜೇನುಕುರುಬರು ಮತ್ತು ಕೊರಗರನ್ನು ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಗುರುತಿಸಿದೆ. ಆದರೆ ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲಿ ಅತಿ ದೊಡ್ಡದಾದ ನಾಯಕ ಸಮುದಾಯ ಬಹುಪಾಲು ಬಯಲುಸೀಮೆಯದು. ಬೇಡ, ಬೇಡರ್, ವಾಲ್ಮೀಕಿ ಮುಂತಾದ ಹೆಸರುಗಳು ಈ ಪಟ್ಟಿಗೆ ಸೇರಿದ್ದು 1991ರಲ್ಲಿ.

2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ಶೇ 6.95. ದಾವಣಗೆರೆ ಜಿಲ್ಲೆಯಲ್ಲಿ ಈ ಪ್ರಮಾಣ ರಾಜ್ಯದ ಸರಾಸರಿಗಿಂತ ಹೆಚ್ಚು. ಜಿಲ್ಲೆಯ ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಚನ್ನಗಿರಿ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಜನರ ನೆಲೆಗಳಿವೆ. ತಾಂಡಾಗಳಲ್ಲಿ ವಾಸಿಸುವ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಅವರ ಬದುಕಿನ ಸ್ಥಿತಿಗತಿ ಮಾತ್ರ ಅನೇಕ ಬುಡಕಟ್ಟು ಹಟ್ಟಿಗಳಿಗಿಂತ ಭಿನ್ನವಲ್ಲ.

ಈ ವಿವರ ಹೇಳುವುದಕ್ಕೆ ಕಾರಣವಿದೆ. ಜಂತುಹುಳು ಸರ್ಕಾರದ ಪಟ್ಟಿಯನ್ನು ಓದುವುದಿಲ್ಲ, ಜಾತಿಯನ್ನೂ ಕೇಳುವುದಿಲ್ಲ. ಮನೆಗೆ ಬಳಸಬಲ್ಲ ಶೌಚಾಲಯವಿದೆಯೇ, ಕಾಲಿಗೆ ಚಪ್ಪಲಿಯಿದೆಯೇ, ಕೈ ತೊಳೆಯಲು ನೀರಿದೆಯೇ ಎಂಬ ಮೂರೇ ಸಂಗತಿಗಳು ಅದಕ್ಕೆ ಮುಖ್ಯ. ಮಲೇಷ್ಯಾದ ಒರಾಂಗ್ ಅಸ್ಲಿ ಎಂಬ ಮೂಲನಿವಾಸಿಗಳಲ್ಲಿ ಈ ಹುಳುಗಳ ಬಾಧೆ ಇಂದಿಗೂ ತೀವ್ರವಾಗಿದೆ. ಅದೇ ದೇಶದ ಸ್ಥಿತಿವಂತ ನಗರಗಳಲ್ಲಿ ಅದು ಬಹುತೇಕ ಮರೆಯಾಗಿದೆ. ವ್ಯತ್ಯಾಸವಿರುವುದು ಜನರ ರಕ್ತದಲ್ಲಲ್ಲ, ಅವರು ತುಳಿಯುವ ನೆಲದಲ್ಲಿ.

ಯಾವ ಹುಳು, ಯಾವ ದಾರಿ

ಮಣ್ಣಿನಿಂದ ಹರಡುವ ಪ್ರಮುಖ ಜಂತುಹುಳುಗಳು ಮೂರು ಬಗೆ.

ದುಂಡುಹುಳು: ಇದು ಸುಮಾರು ಒಂದು ಅಡಿಯವರೆಗೆ ಬೆಳೆಯಬಲ್ಲದು. ಹೆಣ್ಣುಹುಳು ದಿನಕ್ಕೆ 2 ಲಕ್ಷದಷ್ಟು ಮೊಟ್ಟೆಗಳನ್ನು ಇಡಬಲ್ಲದು. ಮಲದೊಂದಿಗೆ ಹೊರಬಿದ್ದ ಮೊಟ್ಟೆ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಮಾಗಿದ ಬಳಿಕವಷ್ಟೇ ಸೋಂಕು ತರುವ ಶಕ್ತಿ ಪಡೆಯುತ್ತದೆ. ಆಟದ ಮಣ್ಣು, ತೊಳೆಯದ ಕೈ, ತೊಳೆಯದ ಸೊಪ್ಪಿನ ಮೂಲಕ ಅದು ಬಾಯಿ ಸೇರುತ್ತದೆ. ಕರುಳಿನಲ್ಲಿ ಒಡೆದ ಮರಿ ರಕ್ತದ ಮೂಲಕ ಯಕೃತ್ತಿಗೂ ಶ್ವಾಸಕೋಶಕ್ಕೂ ಸಂಚರಿಸಿ, ಗಂಟಲಿಗೆ ಏರಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಬಂದು ದೊಡ್ಡದಾಗುತ್ತದೆ. ಹುಳುಗಳು ಬಹಳವಾದರೆ ಗಂಟುಗಟ್ಟಿ ಕರುಳನ್ನೇ ಮುಚ್ಚಿಬಿಡುವುದುಂಟು. ಆಗ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಚಾಟಿಹುಳು: ಮೂರರಿಂದ ಐದು ಸೆಂಟಿಮೀಟರ್ ಉದ್ದದ ಈ ಹುಳು ದೊಡ್ಡ ಕರುಳಿನ ಒಳಪದರಕ್ಕೆ ತನ್ನ ತೆಳುವಾದ ಮುಂಭಾಗವನ್ನು ಚುಚ್ಚಿಕೊಂಡು ನೆಲೆಸುತ್ತದೆ. ಇದೂ ಬಾಯಿಯ ಮೂಲಕವೇ ಒಳಬರುತ್ತದೆ. ಸೋಂಕು ತೀವ್ರವಾದ ಮಕ್ಕಳಲ್ಲಿ ರಕ್ತಮಿಶ್ರಿತ ಭೇದಿ ಹಾಗೂ ಗುದನಾಳ ಹೊರಜಾರುವ ತೊಂದರೆ ಕಾಣಿಸಬಹುದು.

ಕೊಕ್ಕೆಹುಳು: ಉದ್ದ ಕೇವಲ ಒಂದು ಸೆಂಟಿಮೀಟರ್. ಆದರೆ ಮೂರರಲ್ಲಿ ಹೆಚ್ಚು ರಕ್ತ ಹೀರುವುದು ಇದೇ. ಇದು ಬಾಯಿಗಾಗಿ ಕಾಯುವುದಿಲ್ಲ. ಮೊಟ್ಟೆ ಮಣ್ಣಿನಲ್ಲೇ ಒಡೆದು, ಐದರಿಂದ ಹತ್ತು ದಿನಗಳಲ್ಲಿ ಸಿದ್ಧವಾದ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳನುಗ್ಗುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ, ಕೊನೆಗೆ ಸಣ್ಣ ಕರುಳಿಗೆ. ಹೊಕ್ಕ ಜಾಗದಲ್ಲಿ ಕೆಲ ದಿನ ತುರಿಕೆ ಕಾಣಬಹುದು. ಕೆಸರಿನಲ್ಲಿ ದುಡಿಯುವವರು ಅದನ್ನು ಮಾಮೂಲಿ ತುರಿಕೆಯೆಂದು ಮರೆತುಬಿಡುತ್ತಾರೆ.

ಕೊಕ್ಕೆಹುಳುವಿನ ಮರಿಗೆ ನೆರಳು, ತೇವ ಮತ್ತು ಸಡಿಲ ಮಣ್ಣು ಬೇಕು. ಬಿಸಿಲಿಗೆ ಒಣಗಿದ ನೆಲದಲ್ಲಿ ಅದು ಸಾಯುತ್ತದೆ. ಜಿಗುಟಾದ ಎರೆಮಣ್ಣೂ ಅದಕ್ಕೆ ಅಷ್ಟಾಗಿ ಒಗ್ಗದು. ಈ ದೃಷ್ಟಿಯಿಂದ ನೋಡಿದರೆ ಒಂದೇ ಜಿಲ್ಲೆಯ ಎಲ್ಲ ಊರುಗಳ ಅಪಾಯ ಒಂದೇ ಅಲ್ಲ. ಮಳೆ ಕಡಿಮೆಯಿರುವ ಜಗಳೂರಿನ ಒಣಭೂಮಿಗಿಂತ ಚನ್ನಗಿರಿಯ ಅಡಿಕೆ ತೋಟಗಳ ನೆರಳು, ಭದ್ರಾ ನಾಲೆಯ ನೀರುಣ್ಣುವ ಹರಿಹರ, ದಾವಣಗೆರೆ ಕಡೆಯ ಗದ್ದೆಬದುಗಳ ತೇವ ಈ ಹುಳುವಿಗೆ ಹೆಚ್ಚು ಅನುಕೂಲಕರ. ಇಂಥ ತೋಟ, ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರು ಬಹುಪಾಲು ಭೂಮಾಲೀಕರಲ್ಲ, ಕೂಲಿಕಾರರು ಎಂಬುದನ್ನು ಮರೆಯಲಾಗದು.

ಇವುಗಳಲ್ಲದೆ ಇನ್ನೂ ಕೆಲವು ಪರಾವಲಂಬಿಗಳಿವೆ. ರಾತ್ರಿ ಹೊತ್ತು ಮಕ್ಕಳ ಗುದದ್ವಾರದಲ್ಲಿ ತುರಿಕೆ ಹುಟ್ಟಿಸುವ ದಾರದಂಥ ಸಣ್ಣ ಹುಳು ಶ್ರೀಮಂತರ ಮನೆಯ ಹಾಸಿಗೆಯನ್ನೂ ಬಿಡುವುದಿಲ್ಲ. ಅಮೀಬಾ ಹಾಗೂ ಜಿಯಾರ್ಡಿಯಾ ಎಂಬ ಏಕಕೋಶ ಜೀವಿಗಳು ಕಲುಷಿತ ನೀರಿನಿಂದ ಬಂದು ಆಮಶಂಕೆ, ಭೇದಿ ತರುತ್ತವೆ. ಹಂದಿಯ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಮಲದಿಂದ ಸೊಪ್ಪು ತರಕಾರಿಗೆ ತಗಲಿ ಹೊಟ್ಟೆ ಸೇರಿದರೆ ಮಿದುಳಿನಲ್ಲಿ ಗುಳ್ಳೆಗಳಾಗಿ ಮೂರ್ಛೆರೋಗಕ್ಕೆ ಕಾರಣವಾಗಬಲ್ಲದು. ಮಾಂಸವನ್ನು ಮುಟ್ಟದವರಿಗೂ ಇದು ಬರಬಹುದು ಎಂಬುದು ಗಮನಿಸಬೇಕಾದ ಸಂಗತಿ.

ಹನಿ ಹನಿ ರಕ್ತದ ಲೆಕ್ಕ

ಒಂದು ಕೊಕ್ಕೆಹುಳು ದಿನವೊಂದಕ್ಕೆ ಉಂಟುಮಾಡುವ ರಕ್ತನಷ್ಟ ಅದರ ಜಾತಿಗೆ ಅನುಗುಣವಾಗಿ ಸುಮಾರು 0.03ರಿಂದ 0.2 ಮಿಲಿಲೀಟರ್. ಕೇಳಲು ಅತ್ಯಲ್ಪ. ಆದರೆ ನೂರು ಹುಳುಗಳಿದ್ದರೆ ದಿನಕ್ಕೆ 3ರಿಂದ 20 ಮಿಲಿಲೀಟರ್ ರಕ್ತ ಹೋಗುತ್ತದೆ. ಹುಳು ಕರುಳಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಊಟದಲ್ಲಿ ಸೊಪ್ಪು, ಕಾಳು, ಮೊಟ್ಟೆ, ಮಾಂಸ ಧಾರಾಳವಾಗಿದ್ದವರು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಂಡಾರು. ಅರೆಹೊಟ್ಟೆಯ ಮಗುವಿಗೆ, ಮುಟ್ಟಿನಿಂದಲೂ ಹೆರಿಗೆಯಿಂದಲೂ ರಕ್ತ ಕಳೆದುಕೊಳ್ಳುವ ಹೆಂಗಸಿಗೆ ಅದು ಸಾಧ್ಯವಾಗದು.

2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಹಿಂದಿನ ಸಮೀಕ್ಷೆಗಿಂತ ಎರಡೂ ಅಂಕಿಗಳು ಹೆಚ್ಚಾಗಿದ್ದವು. ಇದಕ್ಕೆಲ್ಲ ಹುಳುವೇ ಕಾರಣವೆಂದು ಹೇಳುವುದು ತಪ್ಪು. ಆಹಾರದಲ್ಲಿ ಕಬ್ಬಿಣಾಂಶದ ಕೊರತೆ ಮುಖ್ಯ ಕಾರಣ. ಕೆಲವು ಬುಡಕಟ್ಟುಗಳಲ್ಲಿ ಅನುವಂಶಿಕವಾದ ಕುಡಗೋಲು ಕಣ ರೋಗವೂ ಇದೆ. ಅದನ್ನು ಗುರುತಿಸಲು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಪ್ರತ್ಯೇಕ ಅಭಿಯಾನ ಆರಂಭಿಸಿತು. ಆದ್ದರಿಂದ ಬಿಳಿಚಿಕೊಂಡ ಪ್ರತಿಯೊಬ್ಬರಿಗೂ ಹುಳುವಿನ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಾಗೆಯೇ, ಹುಳುವನ್ನು ಹೊಟ್ಟೆಯಲ್ಲೇ ಬಿಟ್ಟು ಕಬ್ಬಿಣದ ಮಾತ್ರೆಯನ್ನಷ್ಟೇ ನುಂಗಿಸಿದರೆ ಅದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ.

‘ಸೋಮಾರಿ’ ಎಂಬ ಹಣೆಪಟ್ಟಿ

ರಕ್ತ ಕಡಿಮೆಯಾದವರಿಗೆ ದಣಿವು ಬೇಗ. ಕೆಲಸದ ನಡುವೆ ಕೂರಬೇಕಾಗುತ್ತದೆ. ಮಗು ತರಗತಿಯಲ್ಲಿ ತೂಕಡಿಸುತ್ತದೆ. ನೋಡುವವರು ಇದಕ್ಕೆ ಕೊಡುವ ಹೆಸರು ಸೋಮಾರಿತನ. ಬುಡಕಟ್ಟು ಜನರ ಬಗ್ಗೆ ಈ ಮಾತು ಎಷ್ಟು ಸಲೀಸಾಗಿ ಬಂದುಬಿಡುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ.

ಶತಮಾನದ ಹಿಂದೆ ಇದೇ ಹಣೆಪಟ್ಟಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಬಿಳಿಯರಿಗೂ ಇತ್ತು. 1909ರಿಂದ 1914ರವರೆಗೆ ರಾಕ್‌ಫೆಲರ್ ನೈರ್ಮಲ್ಯ ಆಯೋಗ ಅಲ್ಲಿನ 11 ರಾಜ್ಯಗಳಲ್ಲಿ ತಪಾಸಣೆ ನಡೆಸಿದಾಗ ಪರೀಕ್ಷೆಗೊಳಪಟ್ಟ ಶಾಲಾಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಯಲ್ಲಿ ಕೊಕ್ಕೆಹುಳು ಪತ್ತೆಯಾಯಿತು. ಅಲ್ಲಿನ ಪತ್ರಿಕೆಗಳು ಆ ಹುಳುವನ್ನು ಸೋಮಾರಿತನದ ಕ್ರಿಮಿ ಎಂದೇ ಕರೆದಿದ್ದವು. ಔಷಧದ ಜೊತೆಗೆ ಶೌಚಾಲಯ, ಪಾದರಕ್ಷೆ, ಒಳ್ಳೆಯ ಊಟ ಬಂದಂತೆ ಆ ಕ್ರಿಮಿಯೂ ಹೋಯಿತು, ಹಣೆಪಟ್ಟಿಯೂ ಕಳಚಿತು.

ಭಾರತದಲ್ಲಿಯೂ ಇದರ ಅಧ್ಯಯನ ಹೊಸದಲ್ಲ. ಕಲ್ಕತ್ತದ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿದ್ದ ಏಸಾ ಚಾಂಡ್ಲರ್ 1920ರ ದಶಕದಲ್ಲಿ ದೇಶದ ನಾನಾ ಭಾಗಗಳಲ್ಲಿ ಕೊಕ್ಕೆಹುಳುವಿನ ವ್ಯಾಪಕ ಸಮೀಕ್ಷೆ ನಡೆಸಿದರು. ಆ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮೈಸೂರು ಸಂಸ್ಥಾನದ ಸಾರ್ವಜನಿಕ ಆರೋಗ್ಯ ಕಾರ್ಯಕ್ಕೂ ಕೈಜೋಡಿಸಿತು. ಅಂದು ದಾವಣಗೆರೆ, ಹರಿಹರಗಳು ಆ ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ರೋಗದ ಮೂಲವೂ ಪರಿಹಾರದ ದಾರಿಯೂ ತಿಳಿದು ನೂರು ವರ್ಷವಾಯಿತು ಎಂಬುದು ಇದರಿಂದ ಸ್ಪಷ್ಟ.

ಒಂದು ಮಾತ್ರೆಯ ಶಕ್ತಿ ಮತ್ತು ಮಿತಿ

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾದದ್ದು 2015ರ ಫೆಬ್ರುವರಿಯಲ್ಲಿ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಾಮಾನ್ಯವಾಗಿ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ವರ್ಷಕ್ಕೆರಡು ಸುತ್ತು, 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ನೀಡುವ ಕ್ರಮವಿದೆ. 1ರಿಂದ 2 ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ. ಅದಕ್ಕಿಂತ ದೊಡ್ಡವರಿಗೆ ಪೂರ್ಣ 400 ಮಿಲಿಗ್ರಾಂ. ಮಾತ್ರೆಯನ್ನು ಅಗಿದು ತಿನ್ನಬೇಕು. ಎಳೆಯ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಅಂದು ಕಾಯಿಲೆಯಿಂದಿರುವ ಮಗುವಿಗೆ ಕೊಡುವುದಿಲ್ಲ. ಹುಳು ಹೆಚ್ಚಿರುವ ಮಕ್ಕಳಲ್ಲಿ ಮಾತ್ರೆಯ ನಂತರ ವಾಕರಿಕೆ, ಹೊಟ್ಟೆನೋವು ಕಾಣಿಸಬಹುದು. ಅದು ಬಹುತೇಕ ತಾನಾಗಿ ಶಮನವಾಗುತ್ತದೆ. ಹೆದರಿ ಮುಂದಿನ ಸುತ್ತು ತಪ್ಪಿಸುವುದು ಸರಿಯಲ್ಲ.

ಮಾತ್ರೆ ಅಗ್ಗ, ಸುರಕ್ಷಿತ. ಆದರೆ ಎಲ್ಲ ಹುಳುಗಳ ಮೇಲೆ ಅದರ ಪ್ರಭಾವ ಒಂದೇ ಅಲ್ಲ. ಒಂದು ಗುಳಿಗೆಯಿಂದ ದುಂಡುಹುಳು ಸುಮಾರು ಶೇ 95ರಷ್ಟು ಜನರಲ್ಲಿ, ಕೊಕ್ಕೆಹುಳು ಸುಮಾರು ಶೇ 80ರಷ್ಟು ಜನರಲ್ಲಿ ತೊಲಗುತ್ತದೆ. ಚಾಟಿಹುಳು ಸಂಪೂರ್ಣ ತೊಲಗುವುದು ಸುಮಾರು ಶೇ 30ರಷ್ಟು ಮಂದಿಯಲ್ಲಿ ಮಾತ್ರ. ಅಮೀಬಾ, ಜಿಯಾರ್ಡಿಯಾಗಳಿಗೆ ಈ ಒಂದು ಗುಳಿಗೆ ಮದ್ದಲ್ಲ.

ಇದಕ್ಕಿಂತ ಗಂಭೀರವಾದುದು ಮರುಸೋಂಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಚಿಕಿತ್ಸೆಯಾದ ಒಂದು ವರ್ಷದೊಳಗೆ ದುಂಡುಹುಳುವಿನ ಬಾಧೆ ಮೊದಲಿದ್ದ ಮಟ್ಟದ ಶೇ 94ಕ್ಕೆ, ಚಾಟಿಹುಳುವಿನದು ಶೇ 82ಕ್ಕೆ, ಕೊಕ್ಕೆಹುಳುವಿನದು ಶೇ 57ಕ್ಕೆ ಮರಳುತ್ತದೆ. ಮಾತ್ರೆ ಕರುಳನ್ನು ತೊಳೆಯುತ್ತದೆ, ಅಂಗಳವನ್ನಲ್ಲ. ಸಾಮೂಹಿಕವಾಗಿ ಮಾತ್ರೆ ಹಂಚುವುದರಿಂದ ಮಕ್ಕಳ ತೂಕ, ಓದು ಎಷ್ಟು ಸುಧಾರಿಸುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಹುಳುವಿನ ಹೊರೆ ಹೆಚ್ಚಿರುವ ಮಗುವಿಗೆ ಚಿಕಿತ್ಸೆಯಿಂದ ಲಾಭವಿದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಮಾತ್ರೆ ತಲುಪದವರು

ಮಾತ್ರೆ ಹಂಚುವುದು ಶಾಲೆ ಮತ್ತು ಅಂಗನವಾಡಿಯಲ್ಲಿ. ಶಾಲೆ ಬಿಟ್ಟ ಮಗು, ಕಬ್ಬು ಕಡಿಯಲು ಅಥವಾ ಇಟ್ಟಿಗೆ ಗೂಡಿಗೆ ಹೋದ ತಂದೆ ತಾಯಿಯೊಡನೆ ಊರು ಬಿಟ್ಟ ಮಗು ಅಂದು ಅಲ್ಲಿರುವುದಿಲ್ಲ. ಹಕ್ಕಿಪಿಕ್ಕಿ ಜನರಲ್ಲಿ ಅನೇಕರು ಗಿಡಮೂಲಿಕೆ ಎಣ್ಣೆ, ಔಷಧಿ ಮಾರುತ್ತ ಊರೂರು ಸುತ್ತುವವರು. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಆರಂಭವಾದಾಗ ಅಲ್ಲಿ ಸಿಲುಕಿದ ಕನ್ನಡಿಗರಲ್ಲಿ ದಾವಣಗೆರೆ ಜಿಲ್ಲೆಯ ಹಕ್ಕಿಪಿಕ್ಕಿಗಳೂ ಇದ್ದರು ಎಂಬುದು ಅವರ ಅಲೆದಾಟದ ವ್ಯಾಪ್ತಿಯನ್ನು ನಾಡಿಗೆ ತೋರಿಸಿಕೊಟ್ಟಿತು. ಇಂಥವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುವ ವ್ಯವಸ್ಥೆಯಿದೆ. ತಪ್ಪಿದವರಿಗೆ ಕೆಲ ದಿನಗಳ ನಂತರ ಇನ್ನೊಂದು ದಿನವೂ ನಿಗದಿಯಾಗಿರುತ್ತದೆ. ಮನೆಗೆ ಬೀಗ ಬಿದ್ದಿದ್ದರೆ ಇವೆರಡೂ ನಿರರ್ಥಕ.

ಎರಡನೆಯವರು ವಯಸ್ಕರು. ದುಂಡುಹುಳು, ಚಾಟಿಹುಳುಗಳ ಹೊರೆ ಮಕ್ಕಳಲ್ಲಿ ಹೆಚ್ಚು. ಕೊಕ್ಕೆಹುಳುವಿನದು ದುಡಿಯುವ ವಯಸ್ಕರಲ್ಲಿಯೂ ಹೆಚ್ಚು. ಮಗುವಿಗೆ ಶಾಲೆಯಲ್ಲಿ ಮಾತ್ರೆ ಸಿಕ್ಕಿ, ಅದೇ ಮನೆಯ ತಾಯಿಯ ಹೊಟ್ಟೆಯಲ್ಲಿ ಹುಳು ಉಳಿದರೆ ಹಿತ್ತಲಿನ ಮಣ್ಣಿಗೆ ಮೊಟ್ಟೆಗಳು ಬೀಳುತ್ತಲೇ ಇರುತ್ತವೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ, ವೈದ್ಯರ ಸಲಹೆಯಂತೆ ಒಂದು ಗುಳಿಗೆ ಕೊಡಲು ಅವಕಾಶವಿದೆ. ಉಳಿದ ಕೂಲಿಕಾರ ಮಹಿಳೆಯರು ತಾವಾಗಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅದಕ್ಕೊಂದು ದಿನದ ಕೂಲಿ ಬಿಡಬೇಕು.

ಮಣ್ಣು, ನೀರು, ಚಪ್ಪಲಿ

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನ ಐದು ವರ್ಷಗಳಲ್ಲಿ ಕೋಟ್ಯಂತರ ಶೌಚಾಲಯಗಳನ್ನು ಕಟ್ಟಿಸಿತು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಹುಳುವಿನ ದೃಷ್ಟಿಯಿಂದ ಕಟ್ಟಡಕ್ಕಿಂತ ಬಳಕೆ ಮುಖ್ಯ. ನೀರಿಲ್ಲದ ಶೌಚಾಲಯ ಸೌದೆ ತುಂಬುವ ಕೋಣೆಯಾಗುತ್ತದೆ. ದೊಡ್ಡವರು ಒಳಗೆ ಹೋದರೂ ಎಳೆಯ ಮಗುವಿನ ಮಲ ತಿಪ್ಪೆಗೋ ಚರಂಡಿಗೋ ಬಿದ್ದರೆ ಸಾಕು, ಅಂಗಳಕ್ಕೆ ಮೊಟ್ಟೆಗಳು ಮರಳುತ್ತವೆ.

ಜೋಡಿ ಗುಂಡಿಯ ಶೌಚಾಲಯ ಇದಕ್ಕೆ ಸೂಕ್ತ. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಎರಡು ವರ್ಷದಷ್ಟು ಕಾಲ ಹಾಗೆಯೇ ಬಿಟ್ಟರೆ ಮೊಟ್ಟೆಗಳು ಬಹುತೇಕ ಸತ್ತು ಉಳಿದದ್ದು ಗೊಬ್ಬರವಾಗುತ್ತದೆ. ಅವಸರದಲ್ಲಿ ತೆಗೆದು ಹೊಲಕ್ಕೆ ಸುರಿದರೆ ಹುಳುವನ್ನೇ ಬಿತ್ತಿದಂತೆ.

ನೀರಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಕ್ಲೋರಿನ್ ಹಾಕಿದರೆ ಎಲ್ಲವೂ ಸಾಯುತ್ತದೆ ಎಂಬುದು ನಿಜವಲ್ಲ. ಬ್ಯಾಕ್ಟೀರಿಯಾ ಸಾಯುತ್ತವೆ, ದುಂಡುಹುಳುವಿನ ಮೊಟ್ಟೆಯ ಗಟ್ಟಿ ಕವಚವನ್ನು ಕ್ಲೋರಿನ್ ಭೇದಿಸಲಾರದು. ನೀರನ್ನು ತಂಗಿಸಿ, ಮರಳಿನಲ್ಲಿ ಸೋಸಿದಾಗ ಆ ಮೊಟ್ಟೆಗಳು ಬೇರ್ಪಡುತ್ತವೆ, ಕುದಿಸಿದಾಗ ಸಾಯುತ್ತವೆ. ದಾವಣಗೆರೆ ನಗರಕ್ಕೆ ತುಂಗಭದ್ರೆಯ ಜೊತೆಗೆ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳ ನೀರೂ ಶುದ್ಧೀಕರಣಗೊಂಡು ಬರುತ್ತದೆ. ನದಿಯಿಂದ ನೇರವಾಗಿ ಕೊಡ ತುಂಬಿಕೊಳ್ಳುವ ಗುಡಿಸಲಿಗೆ ಆ ಶುದ್ಧೀಕರಣದ ಫಲವಿಲ್ಲ.

ಇನ್ನು ಕೊಕ್ಕೆಹುಳುವಿಗೆ ತಡೆ ಸಾಮಾನ್ಯ ರಬ್ಬರ್ ಚಪ್ಪಲಿ. ಕೆಸರುಗದ್ದೆಯಲ್ಲಿ ಚಪ್ಪಲಿ ನಿಲ್ಲದು ನಿಜ. ಅಂಗಳದಲ್ಲಿ, ತೋಟದಲ್ಲಿ, ಬಹಿರ್ದೆಸೆಗೆ ಹೋಗುವ ದಾರಿಯಲ್ಲಿ ನಿಲ್ಲುತ್ತದೆ.

ನಾರುಹುಣ್ಣು ಕಲಿಸಿದ ಪಾಠ

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. ರಾಜ್ಯದ ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ಅದು ಕರುಳಿನ ಹುಳುವಲ್ಲ; ಆದರೆ ಬಾವಿಯ ನೀರಿನೊಡನೆ ಹೊಟ್ಟೆ ಸೇರಿ, ವರ್ಷದ ಬಳಿಕ ಕಾಲಿನ ಹುಣ್ಣಿನಿಂದ ದಾರದಂತೆ ಹೊರಬರುತ್ತಿದ್ದ ಹುಳು. ಅದು ಹಬ್ಬಿದ್ದ ದೇಶದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಲಸಿಕೆಯೂ ಇರಲಿಲ್ಲ, ಕೊಲ್ಲುವ ಮಾತ್ರೆಯೂ ಇರಲಿಲ್ಲ. ಮೆಟ್ಟಿಲುಬಾವಿಗಳ ಬದಲು ಕೊಳವೆಬಾವಿ ಬಂತು, ನೀರನ್ನು ಬಟ್ಟೆಯಲ್ಲಿ ಸೋಸುವ ರೂಢಿ ಬಂತು, ಕಾರ್ಯಕರ್ತರು ಹಳ್ಳಿ ಹಳ್ಳಿ ತಿರುಗಿ ರೋಗಿಗಳನ್ನು ಹುಡುಕಿದರು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರುವರಿಯಲ್ಲಿ ಭಾರತವನ್ನು ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಮಾತ್ರೆಯೇ ಇಲ್ಲದ ಹುಳುವನ್ನು ನೀರನ್ನು ಸರಿಪಡಿಸಿ ಓಡಿಸಲಾಯಿತು. ಮಾತ್ರೆಯಿರುವ ಹುಳುವನ್ನು ಮಾತ್ರೆಯೊಂದರಿಂದಲೇ ಓಡಿಸಲು ಹೊರಟು ಪ್ರತಿ ಫೆಬ್ರುವರಿಯಲ್ಲಿ ಮೊದಲಿನಿಂದ ಆರಂಭಿಸಲಾಗುತ್ತಿದೆ.

ನಗರದ ಓದುಗರು ಇದು ಹಟ್ಟಿಯವರ ತೊಂದರೆ ಎಂದು ಭಾವಿಸಬೇಕಾಗಿಲ್ಲ. ದಾವಣಗೆರೆಯ ಸಂಜೆಯ ಮಂಡಕ್ಕಿಯ ಮೇಲೆ ಉದುರಿಸುವ ಹಸಿ ಕೊತ್ತಂಬರಿ ಯಾವ ಹೊಲದಿಂದ, ಯಾವ ನೀರುಂಡು ಬಂದಿದೆ ಎಂಬುದು ತಿನ್ನುವವರಿಗೆ ತಿಳಿಯದು. ಹಸಿಯಾಗಿ ತಿನ್ನುವ ಸೊಪ್ಪು, ಕ್ಯಾರೆಟ್, ಸೌತೆಯನ್ನು ಹರಿವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯುವುದು, ಉಗುರು ಕತ್ತರಿಸುವುದು, ಊಟಕ್ಕೆ ಮೊದಲು ಮತ್ತು ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು ಎಲ್ಲ ಮನೆಗಳಿಗೂ ಅನ್ವಯಿಸುವ ನಿಯಮ. ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ಬರುವವರ ಮಕ್ಕಳಿಗೆ ಆ ದಿನದ ಮಾತ್ರೆ ಸಿಕ್ಕಿತೇ ಎಂದು ವಿಚಾರಿಸುವುದು, ಅವರಿಗೊಂದು ದಿನದ ಕೂಲಿ ಕಡಿಯದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಕೂಡ ನಗರದವರ ಕೈಯಲ್ಲೇ ಇರುವ ಕೆಲಸ.

ಮುಂದಿನ ಫೆಬ್ರುವರಿಯಲ್ಲೂ ಮಕ್ಕಳ ಕೈಗೆ ಮಾತ್ರೆ ಬರುತ್ತದೆ, ಬರಬೇಕು. ಅದನ್ನು ಅಗಿದ ಮಗು ಸಂಜೆ ಮರಳುವ ಅಂಗಳ ಹೇಗಿದೆ ಎಂಬ ಪ್ರಶ್ನೆಯನ್ನೂ ಅಂದೇ ಕೇಳಬೇಕಾಗಿದೆ.